ಒಡ್ಡಿನ ಮ್ಯಾಲಿನ ಕಸ: ಯಾವುದು ನಮ್ಮದು, ಯಾವುದು ಹುಳದ್ದು?



ಎಳ್ಳ ಅಮವಾಸ್ಯೆ ದಿನ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಊಟಕ್ಕೆ ಕೂಡುವ ಮೊದಲು ನಾವೆಲ್ಲ ಒಂದು ಕೆಲಸ ಮಾಡುತ್ತೇವೆ. ತೊಗರಿಯ ಟೊಂಗೆ ಬಗ್ಗಿಸಿ ಕಾಯಿ ತಿರುಗಿಸಿ ನೋಡುತ್ತೇವೆ. ಕಾಯಿಯಲ್ಲಿ ಗುಂಡನೆಯ ತೂತು ಕಂಡರೆ ಸಜ್ಜೆ ರೊಟ್ಟಿ, ಭಜ್ಜಿ ಗಂಟಲಲ್ಲಿ ಇಳಿಯುವುದಿಲ್ಲ. ಯಾಕಂದ್ರ ಆ ತೂತಿನ ಹಿಂದೆ ಸಂಘದ ಸಾಲದ ಕಂತು ಅದ, ಮಗಳ ಕಾಲೇಜಿನ ಫೀ ಅದ, ಅಂಗಡಿಯಲ್ಲಿ ಉದ್ರಿ ತಂದ ಎಣ್ಣಿ ಬಾಟಲಿಯ ಲೆಕ್ಕವೂ ಅದ.

ರಾವೂರ, ವಾಡಿ, ಶಹಾಬಾದ್ ಕಡೆ ಗಂಡಸರು ಬಹಳ ಮಂದಿ ಫರಸಿ ಖಣಿಗೋ ಸಿಮೆಂಟ್ ಕಾರ್ಖಾನೆಗೋ ಹೋಗುತ್ತಾರೆ. ಹೊಲದ ಸದಿ ತೆಗೆಯುವುದು, ಒಡ್ಡು ನೋಡುವುದು ಹೆಣ್ಣುಮಕ್ಕಳ ಪಾಲಿಗೇ ಬಂದಿದೆ. ಹೀಗಾಗಿ ನಮ್ಮ ಸಂಘದ ಸಭೆಗಳಲ್ಲಿ ಒಂದು ಪ್ರಶ್ನೆ ಪದೇಪದೇ ಏಳುತ್ತದೆ. "ಒಬ್ಬರು ಬಂದು ಒಡ್ಡಿನ ಮ್ಯಾಲಿನ ಕಸ ಎಲ್ಲಾ ಕಿತ್ತು ಸುಡ್ರಿ, ಹುಳ ಅಲ್ಲೇ ಇರ್ತಾವ ಅಂತಾರ. ಇನ್ನೊಬ್ಬರು ಕಾಡುಗಿಡ ಬಿಡ್ರಿ, ಒಳ್ಳೆ ಹುಳ ಬರ್ತಾವ ಅಂತಾರ. ನಾವು ಯಾರ ಮಾತು ಕೇಳೋದ್ರಿ?" ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಯಾವ ಗಿಡ ಅನ್ನುವುದರ ಮೇಲೆ ಉಳಿದ ಅರ್ಧ ನಿಂತಿದೆ.

ಮೊದಲು ಹುಳದ ಸಂಗತಿ ತಿಳಿಯೋಣ. ತೊಗರಿಗೆ ಬೀಳುವ ಕಾಯಿಕೊರಕ ಕೀಡಿ ಹಸಿರೂ ಇರಬಹುದು, ಕಂದೂ ಇರಬಹುದು. ಬಣ್ಣ ನೋಡಿ ಮೋಸ ಹೋಗಬಾರದು, ಎಲ್ಲಾ ಒಂದೇ ಜಾತಿ. ಇದರ ಪತಂಗ ರಾತ್ರಿ ಹಾರಾಡಿ ಮೊಗ್ಗು, ಎಳೆ ಕಾಯಿಗಳ ಮೇಲೆ ಬಿಡಿಬಿಡಿಯಾಗಿ ತತ್ತಿ ಇಡುತ್ತದೆ. ಒಂದೊಂದು ಪತಂಗ ನೂರಾರು ತತ್ತಿ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಮರಿ ಹೊರಬಂದು, ಎರಡು ಮೂರು ವಾರ ತಿಂದು, ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ಇದು ಬರೀ ತೊಗರಿ ತಿನ್ನುವ ಹುಳ ಅಲ್ಲ. ಕಡಲೆ, ಹತ್ತಿ, ಸೂರ್ಯಕಾಂತಿ, ಟೊಮ್ಯಾಟೊ, ಯಾವುದು ಸಿಕ್ಕರೂ ಬಿಡುವುದಿಲ್ಲ.

ಎಣ್ಣಿ ಹೊಡೆದರೆ ಸಾಯುವುದಿಲ್ಲವೇ? ಮೊದಮೊದಲು ಸಾಯುತ್ತಿತ್ತು. 1987ರಲ್ಲಿ ಪಕ್ಕದ ಆಂಧ್ರದ ಹತ್ತಿ ಹೊಲಗಳಲ್ಲಿ ಇದೇ ಹುಳ ಔಷಧಿಗೆ ಜಗ್ಗದೆ ನಿಂತಿತು. 1997-98ರ ಹಂಗಾಮಿನಲ್ಲಿ ನಮ್ಮ ಕಡೆ ತೊಗರಿ ಕೈಕೊಟ್ಟದ್ದು ಹಿರಿಯ ಸಹೋದರಿಯರಿಗೆ ನೆನಪಿದೆ. ಕಲಬುರಗಿ, ಬೀದರ ಜಿಲ್ಲೆಗಳಿಂದ ರೈತರ ಆತ್ಮಹತ್ಯೆಯ ಸುದ್ದಿ ಬಂದದ್ದು ಆಗಲೇ. ಅಂದು ತೊಗರಿಗೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಊರುಗಳಲ್ಲಿ ಏನು ಮಾಡಿತೆಂದು ಪತ್ರಿಕೆಗಳಲ್ಲಿ ಓದಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು.

ಈಗ ಒಡ್ಡಿಗೆ ಬರೋಣ. ತೊಗರಿ ಹೂ ಬಿಡುವುದು ದೀಪಾವಳಿಯ ಆಸುಪಾಸಿನಲ್ಲಿ. ಅದಕ್ಕೂ ಮೊದಲು ಈ ಹುಳ ಎಲ್ಲಿರುತ್ತದೆ? ಬೇರೆ ಬೆಳೆಗಳ ಮೇಲೆ, ಜೊತೆಗೆ ಕೆಲವು ಕಾಡುಗಿಡಗಳ ಮೇಲೆ. ದತ್ತೂರಿ ಗಿಡದ ಮುಳ್ಳುಕಾಯಿ ಒಡೆದು ನೋಡಿರಿ, ಒಮ್ಮೊಮ್ಮೆ ಇದೇ ಕೀಡಿ ಒಳಗೆ ಕೂತಿರುತ್ತದೆ. ಐದೆಲೆ ಇರುವ, ಸಣ್ಣ ಬಿಳಿ ಹೂವಿನ ಒಂದು ಕಾಡುಗಿಡವೂ ಅದಕ್ಕೆ ಮನೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಬಹಳ ಹಿಂದೆಯೇ ಇವೆರಡನ್ನೂ ಈ ಹುಳದ ಆಸರೆ ಗಿಡಗಳೆಂದು ಗುರುತಿಸಿದ್ದಾರೆ. ಹೂವಾಗುವ ಮೊದಲೇ ಇವನ್ನು ಕಿತ್ತು ಹಾಕಬೇಕು.

ಇನ್ನೊಂದನ್ನೂ ಕೀಳಬೇಕು. ಹೇಳಿದರೆ ಕೆಲವರಿಗೆ ಬೇಸರ ಆಗುತ್ತದೆ. ಹೋದ ವರ್ಷದ ಕಾಳು ಬಿದ್ದು ಒಡ್ಡಿನ ಮೇಲೆ, ಹಿತ್ತಲಲ್ಲಿ ತಾನಾಗಿ ಎದ್ದ ತೊಗರಿ ಗಿಡ. "ಇರಲಿ ಬಿಡ್ರಿ, ಪಲ್ಯಕ್ಕ ನಾಕು ಕಾಯಿ ಆಗ್ತಾವ" ಅನ್ನುತ್ತೇವೆ. ಆದರೆ ತೊಗರಿಯ ಗೊಡ್ಡು ರೋಗ ಬೇಸಿಗೆ ದಾಟುವುದು ಇಂಥ ಗಿಡಗಳಲ್ಲಿಯೇ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಆ ರೋಗವನ್ನು ಹೊತ್ತು, ಗಾಳಿಯಲ್ಲಿ ತೇಲಿ ಹೊಸ ಬೆಳೆಗೆ ಬರುತ್ತದೆ. ಎಲೆ ಸಣ್ಣದಾಗಿ, ತಿಳಿಹಸಿರು ಮಚ್ಚೆ ಬಿದ್ದು, ಗಿಡ ಪೊದೆಯಂತೆ ಬೆಳೆದು ಹೂವೇ ಬಿಡದಿದ್ದರೆ ಅದು ಗೊಡ್ಡು. ನಾಲ್ಕು ಕಾಯಿಯ ಆಸೆಗೆ ನಾಲ್ಕು ಎಕರೆ ಕಳೆದುಕೊಳ್ಳುವುದು ಬೇಡ. ಕಾಂಗ್ರೆಸ್ ಕಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಹಿಟ್ಟು ತಿಗಣೆಗೆ ಆಸರೆ, ನಮಗೆ ತುರಿಕೆ ಮತ್ತು ದಮ್ಮು. ಹೂವಾಗುವ ಮೊದಲು, ಕೈಗೆ ಚೀಲ ಕಟ್ಟಿಕೊಂಡು ಕೀಳಿರಿ.

ಇಷ್ಟು ಬಿಟ್ಟರೆ ಉಳಿದ ಕಸದ ಮೇಲೆ ಸಿಟ್ಟು ಬೇಡ.

ಎಕ್ಕದ ಗಿಡ ನೋಡಿರಿ. ಅದರ ಎಳೆ ಕುಡಿಗೆ ಹಳದಿ ಹೇನು ಮುತ್ತಿರುತ್ತವೆ. ನೋಡಿದ ಕೂಡಲೆ "ಅಯ್ಯ, ಇವು ತೊಗರಿಗೆ ಬರ್ತಾವ" ಎಂದು ಹೆದರುತ್ತೇವೆ. ಬರುವುದಿಲ್ಲ. ಆ ಹೇನಿಗೆ ಎಕ್ಕದ ಹಾಲೇ ಬೇಕು, ತೊಗರಿ ಅದಕ್ಕೆ ಆಗಿಬರುವುದಿಲ್ಲ. ಆದರೆ ಆ ಹೇನು ತಿನ್ನಲು ಗುಲಗಂಜಿ ಹುಳಗಳು ಬರುತ್ತವೆ, ಅಲ್ಲೇ ಮರಿ ಮಾಡುತ್ತವೆ. ಮುಂದೆ ನಮ್ಮ ಬೆಳೆಗೆ ಕರಿ ಹೇನು ಬಿದ್ದಾಗ ಈ ಗುಲಗಂಜಿಗಳು ಪಕ್ಕದಲ್ಲೇ ತಯಾರಿರುತ್ತವೆ. ಹೀಗೆ ಎಕ್ಕ ಪುಕ್ಕಟೆ ಗುಲಗಂಜಿ ಸಾಕುತ್ತದೆ.

ತುಂಬೆ ಮತ್ತು ಅಂಥ ಸಣ್ಣ ಹೂವಿನ ಗಿಡಗಳದ್ದು ಬೇರೆ ಕೆಲಸ. ಕಾಯಿಕೊರಕಕ್ಕೆ ಒಂದು ಸಣ್ಣ ವೈರಿ ಇದೆ, ಸೊಳ್ಳೆಯಂತೆ ಕಾಣುವ ಕಣಜ. ಕಣಜ ಅಂದರೆ ನಮಗೆ ಕಾಳಿನ ಕಣಜವೇ ನೆನಪಿಗೆ ಬರುತ್ತದೆ. ಇದು ಹಾರುವ ಕಣಜ, ಆ ಕಣಜ ತುಂಬಲು ನೆರವಾಗುವುದು. ಕೀಡಿ ಇನ್ನೂ ಸಣ್ಣದಿರುವಾಗ ಅದರ ಮೈಯೊಳಗೆ ಇದು ತತ್ತಿ ಇಡುತ್ತದೆ. ಮರಿ ಒಳಗಿಂದಲೇ ಕೀಡಿಯನ್ನು ತಿಂದು ಹೊರಬಂದು ಸಣ್ಣ ಗೂಡು ಕಟ್ಟುತ್ತದೆ. ಅಷ್ಟು ಹೊತ್ತಿಗೆ ಕೀಡಿ ಸತ್ತಿರುತ್ತದೆ, ಅದೂ ಕಾಯಿ ತೂತು ಮಾಡುವ ವಯಸ್ಸಿಗೆ ಬರುವ ಮೊದಲೇ. ಆದರೆ ದೊಡ್ಡದಾದ ಕಣಜಕ್ಕೆ ಹೊಟ್ಟೆಗೆ ಬೇಕಾದದ್ದು ಹೂವಿನ ಮಕರಂದ. ಒಡ್ಡು ಕೆರೆದು ಬೋಳು ಮಾಡಿದರೆ ಅದಕ್ಕೆ ಊಟ ಇಲ್ಲ. ಕಡಲೆಯಲ್ಲಿ ಸಾಲಿನ ನಡುವೆ ಕೊತ್ತಂಬರಿ ಹಾಕಿದಾಗ ಈ ಕಣಜದ ಕೆಲಸ ಹೆಚ್ಚಾಗುವುದನ್ನು ಸಂಶೋಧಕರು ಕಂಡಿದ್ದಾರೆ. ಕೊತ್ತಂಬರಿ ಕಾಡುಗಿಡ ಅಲ್ಲ, ಆದರೂ ಒಡ್ಡಿನ ಪಕ್ಕ ಒಂದು ಸಾಲು ಚೆಲ್ಲಿದರೆ ಅಡಿಗೆಗೂ ಆಯಿತು.

ಹಳೆಯವರು ತೊಗರಿಯಲ್ಲಿ ಅಕ್ಕಡಿ ಸಾಲಾಗಿ ಜೋಳ ಹಾಕುತ್ತಿದ್ದರು. ಇದಕ್ಕೂ ಕಾರಣ ಇದೆ. ತತ್ತಿಯಲ್ಲೇ ಹುಳ ಕೊಲ್ಲುವ ಇನ್ನೊಂದು ಕಣಜ ತೊಗರಿಯ ಅಂಟು ರೋಮದಲ್ಲಿ ಸರಿಯಾಗಿ ಓಡಾಡಲಾರದು, ಜೋಳದ ತೆನೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ಜೋಳದ ತೆನೆಯ ಮೇಲೆ ಎರಡು ಬಾಲದ ಕಾಜಾಣ, ಗೊರವಂಕ ಬಂದು ಕೂತು ಕೀಡಿ ಆರಿಸುತ್ತವೆ.

ಭತ್ತದಲ್ಲಿ ಈ ಲೆಕ್ಕ ಬಹಳ ಸ್ಪಷ್ಟವಾಗಿ ಸಿಕ್ಕಿದೆ. ಸಿಂಧನೂರು, ಸುರಪುರದ ಕಡೆ ಕಾಲುವೆ ಕೆಳಗೆ ನಾಟಿ ಕೂಲಿಗೆ ಹೋದವರಿಗೆ ಭತ್ತದ ಕಂದು ಜಿಗಿಹುಳದ ಪರಿಚಯ ಇರಬೇಕು. ಥಾಯ್ಲೆಂಡ್, ಚೀನಾ, ವಿಯೆಟ್ನಾಂ ದೇಶಗಳಲ್ಲಿ ಗದ್ದೆಯ ಬದುವಿನ ಮೇಲೆ ಎಳ್ಳಿನಂಥ ಮಕರಂದದ ಹೂಗಿಡ ಬೆಳೆಸಿ ಹಲವು ವರ್ಷ ನೋಡಿದರು. 2016ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಔಷಧಿ ಹೊಡೆಯುವುದು ನೂರಕ್ಕೆ 70 ಪಾಲು ಕಡಿಮೆಯಾಯಿತು, ಇಳುವರಿ ನೂರಕ್ಕೆ 5 ಪಾಲು ಹೆಚ್ಚಿತು. ಅಲ್ಲಿಯೂ ಎಲ್ಲಾ ಕಸ ಒಳ್ಳೆಯದಲ್ಲ. ಭತ್ತ ಹಾಲು ತುಂಬುವ ಮೊದಲು ತೆನೆ ತಿಗಣೆ ಬದುವಿನ ಕಾಡುಹುಲ್ಲಿನ ಮೇಲೆಯೇ ಕಾಯುತ್ತಿರುತ್ತದೆ. ನಮ್ಮ ತೊಗರಿಗೆ ಅದೇ 70, ಅದೇ 5 ಸಿಗುತ್ತದೆ ಎಂದು ನಾವು ಹೇಳುವುದಿಲ್ಲ. ಭತ್ತದ ಹುಳ ಬೇರೆ, ನಮ್ಮದು ಬೇರೆ. ಆದರೆ ದಾರಿ ಒಂದೇ.

ಕಾಡುಗಿಡದ ಮತ್ತೊಂದು ಉಪಕಾರ ಬೀಜದೊಳಗೆ ಇರುತ್ತದೆ. 1970ರ ದಶಕದಲ್ಲಿ ಕಂದು ಜಿಗಿಹುಳ ಹರಡುವ ಒಂದು ನಂಜುರೋಗ ಭತ್ತ ಬೆಳೆಯುವ ದೇಶಗಳನ್ನು ಹಣ್ಣು ಮಾಡಿತ್ತು. ಆರು ಸಾವಿರಕ್ಕೂ ಹೆಚ್ಚು ಭತ್ತದ ಮಾದರಿ ಪರೀಕ್ಷಿಸಿದಾಗ ತಡೆಯುವ ಶಕ್ತಿ ಕಂಡದ್ದು ಉತ್ತರ ಪ್ರದೇಶದಿಂದ ತಂದ ಒಂದು ಕಾಡುಭತ್ತದಲ್ಲಿ. ಐಆರ್ 36 ತಳಿಗೆ ಆ ಶಕ್ತಿ ಬಂದದ್ದು ಅದರಿಂದಲೇ. ತೊಗರಿಗೂ ಕಾಡಿನಲ್ಲಿ ಬಳ್ಳಿಯಾಗಿ ಹಬ್ಬುವ ಒಂದು ನೆಂಟ ಇದೆ. ಅದರ ಕಾಯಿಯ ಮೇಲೆ ರೋಮ ಎಷ್ಟು ದಟ್ಟವೆಂದರೆ ಎಳೆ ಕೀಡಿಗೆ ಬಾಯಿ ಹಾಕಲು ಆಗುವುದಿಲ್ಲ. ಆ ಗುಣವನ್ನು ನಮ್ಮ ತೊಗರಿಗೆ ತರಲು ವಿಜ್ಞಾನಿಗಳು ದುಡಿಯುತ್ತಿದ್ದಾರೆ.

ಇನ್ನು ಬೇವು. ಇದನ್ನು ಸಂಘದವರು ಸೇರಿಯೇ ಮಾಡಬೇಕು, ಒಬ್ಬಳಿಂದ ಆಗುವ ಕೆಲಸ ಅಲ್ಲ. ಬೇಸಿಗೆ ಕೊನೆಗೆ, ಮಿರಗ ಮಳೆಯ ಹೊತ್ತಿಗೆ ಬೇವಿನ ಹಣ್ಣು ಉದುರುತ್ತವೆ. ಆರಿಸಿ, ತಿಪ್ಪೆ ಬೂಸು ಹಿಡಿಯುವ ಮೊದಲು ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಗೋಣಿಯಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಕಪ್ಪಾಗಿ ಕೆಡುತ್ತವೆ. ಹೂವಿನ ಕಾಲಕ್ಕೆ ಸಿಪ್ಪೆ ತೆಗೆದ 5 ಕಿಲೋ ತಿರುಳನ್ನು ಕುಟ್ಟಿ ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ 100 ಲೀಟರ್ ಮಾಡಿಕೊಳ್ಳಬೇಕು. ಗಿರಣಿಯವರು ಬೇವು ಹಾಕಲು ಬಿಡುವುದಿಲ್ಲ, ಕಹಿ ಹತ್ತುತ್ತದೆ ಅಂತ. ಸಂಘಕ್ಕೆ ಬೇರೆಯದೇ ಒಂದು ಒಳಕಲ್ಲು ಇಟ್ಟುಕೊಳ್ಳಿರಿ. ಫರಸಿ ನಾಡಿನಲ್ಲಿ ಕಲ್ಲಿಗೇನು ಕೊರತೆ?

ಬಿಸಿಲಿಗೆ ಬೇವಿನ ಗುಣ ಹೋಗುತ್ತದೆ, ಆದ್ದರಿಂದ ಸಂಜೆ ಹೊಡೆಯಬೇಕು. ಗಿಡಕ್ಕೆ ಸರಾಸರಿ ಎರಡು ತತ್ತಿ ಇಲ್ಲವೇ ಒಂದು ಸಣ್ಣ ಕೀಡಿ ಕಂಡರೆ ಕಾಯಬಾರದು. ಬೇವು ಹೊಡೆದ ಕೂಡಲೇ ಹುಳ ಉದುರಿ ಬೀಳುವುದಿಲ್ಲ, ಇದನ್ನು ಮನೆಯವರಿಗೆ ಮೊದಲೇ ಹೇಳಿರಿ. ಪತಂಗ ತತ್ತಿ ಇಡಲು ಹಿಂಜರಿಯುತ್ತದೆ, ಸಣ್ಣ ಕೀಡಿ ತಿನ್ನುವುದು ಬಿಡುತ್ತದೆ, ಪೊರೆ ಕಳಚಲಾರದೆ ಸಾಯುತ್ತದೆ. ಬಲಿತ ಕೀಡಿಗೆ ಬೇವು ನಾಟುವುದಿಲ್ಲ. ಅದಕ್ಕೆ ನಮ್ಮ ಕಡೆಯ ಹಳೆಯ ಉಪಾಯವೇ ಸರಿ: ಇಬ್ಬರು ಗಿಡದ ಬುಡಕ್ಕೆ ತಾಡಪತ್ರಿ ಹಿಡಿಯುವುದು, ಒಬ್ಬಳು ಗಿಡ ಅಲುಗಿಸುವುದು. ಬಿದ್ದ ಕೀಡಿ ಕೋಳಿಗೆ. ಅದೂ ಮೀರಿದರೆ ತಡಮಾಡದೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿರಿ.

ನಮ್ಮ ಒಂದು ತಪ್ಪನ್ನೂ ಹೇಳಿಬಿಡುತ್ತೇವೆ. ಒಂದು ವರ್ಷ ಸಭೆಯಲ್ಲಿ ನಾವು "ದನ ಮುಟ್ಟದ ಎಲೆ ಎಲ್ಲಾ ಕುಟ್ಟಿ ಹೊಡೆಯಬಹುದು" ಎಂದು ಹಗುರಾಗಿ ಹೇಳಿದ್ದೆವು. ಒಬ್ಬ ಸಹೋದರಿ ದತ್ತೂರಿ ಎಲೆ ಕುಟ್ಟಿ, ಕೈ ತೊಳೆಯದೆ ಕಣ್ಣು ಉಜ್ಜಿಕೊಂಡಳು. ಎರಡು ದಿನ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಗಿಡದ್ದು ಅಂದ ಮಾತ್ರಕ್ಕೆ ವಿಷ ಅಲ್ಲ ಅಂತಲ್ಲ. ಅಂದಿನಿಂದ ನಾವು ಬೇವು ಬಿಟ್ಟು ಬೇರೆ ಕಷಾಯದ ಮಾತು ಆಡುವುದನ್ನು ಬಿಟ್ಟಿದ್ದೇವೆ.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಒಡ್ಡಿನಿಂದ ಹೆಸರು ಗೊತ್ತಿಲ್ಲದ ಒಂದೊಂದು ಗಿಡ ಬೇರು ಸಮೇತ ತನ್ನಿರಿ. ಎಲೆ ಮಗುಚಿ, ಹೂವು ಬಿಡಿಸಿ, ಅದರ ಮೇಲೆ ಯಾವ ಹುಳ ಕೂತಿದೆ ಎಂದು ಕೂಡಿ ನೋಡೋಣ. ದತ್ತೂರಿ ಮಾತ್ರ ಬೇಡ, ಅದು ನಮಗೆ ಗೊತ್ತು.