ಇನ್ನು ನಾಲ್ಕು ಬೆರಳು ಮೇಲಕ್ಕೆ

ಉತ್ತರ ಅಮೆರಿಕದ ಮಹಾಸರೋವರಗಳ ತೀರದಲ್ಲಿ ಚಳಿಗಾಲವೆಂದರೆ ಹಿಮದೊಡನೆ ನಡೆಯುವ ನಾಲ್ಕು ತಿಂಗಳ ಹೋರಾಟ. ಒಣ ಶೀತಗಾಳಿಯು ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾಯ್ದು ಬರುವಾಗ ನೀರಿನಿಂದ ಶಾಖವನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ಆಚೆಯ ದಡವನ್ನು ಮುಟ್ಟಿದೊಡನೆ ಆ ತೇವವನ್ನು ಹಿಮವಾಗಿ ಸುರಿಯುತ್ತದೆ. ಈರೀ ಸರೋವರದ ಪೂರ್ವದ ತುದಿಯಲ್ಲಿರುವ ಬಫಲೋ ನಗರ ಮತ್ತು ಅದರ ದಕ್ಷಿಣದ ಊರುಗಳು ಇದಕ್ಕೆ ಹೆಸರಾದವು. 2022ರ ನವೆಂಬರಿನಲ್ಲಿ ಅಲ್ಲಿಯ ಆರ್ಚರ್ಡ್ ಪಾರ್ಕಿನಲ್ಲಿ ನಾಲ್ಕು ದಿನಗಳೊಳಗೆ ಸುಮಾರು 2 ಮೀಟರು ಹಿಮ ಬಿದ್ದಿತು.

ಬೀದಿಯ ಹಿಮವನ್ನು ಊರಾಡಳಿತದ ದೊಡ್ಡ ಯಂತ್ರಗಳು ತೆಗೆಯುತ್ತವೆ. ಬೀದಿಯಿಂದ ಮನೆಯ ಬಾಗಿಲಿನವರೆಗಿನ ದಾರಿ ಮಾತ್ರ ಮನೆಯವರ ಪಾಲಿನದು. ಈ ಕೆಲಸಕ್ಕೆ ಅನೇಕರು ಬಳಸುವುದು ತೋಟದ ಟ್ರ್ಯಾಕ್ಟರನ್ನು. ಹೊಲ ಉಳುವ ಟ್ರ್ಯಾಕ್ಟರಿನ ಮರಿಯಂತೆ ಕಾಣುವ ಈ ಯಂತ್ರ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತದೆ; ಚಳಿಗಾಲದಲ್ಲಿ ಮುಂಭಾಗಕ್ಕೆ ಬ್ಲೇಡೆಂಬ ಉಕ್ಕಿನ ಬಾಗುಹಲಗೆಯನ್ನು ಕಟ್ಟಿಸಿಕೊಂಡು ಹಿಮವನ್ನು ತಳ್ಳುತ್ತದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಕಬ್ ಕೆಡೆಟ್ 1961ರಲ್ಲಿಯೂ ಜಾನ್ ಡಿಯರ್ ಸಂಸ್ಥೆಯ 110 ಎಂಬ ಮಾದರಿ 1963ರಲ್ಲಿಯೂ ಹೊರಬಂದವು. ಎರಡಕ್ಕೂ ಮೊದಲು ಇದ್ದುದು 7 ಅಶ್ವಶಕ್ತಿಯ ಎಂಜಿನು. ಆ ಕಾಲದ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿಕೊಂಡು ಇಂದಿಗೂ ಓಡಿಸುವವರಿದ್ದಾರೆ. ಅವರಲ್ಲಿ ಹಲವರ ಬಯಕೆ ಒಂದೇ: ಬ್ಲೇಡು ಇನ್ನು ಸ್ವಲ್ಪ ಮೇಲಕ್ಕೆ ಏಳಬೇಕು.

ಏಕೆ ಏಳಬೇಕು? ಮೂರೂವರೆ ಮೀಟರು ಅಗಲದ ದಾರಿಯೊಂದನ್ನು ನೆನೆದುಕೊಳ್ಳಿ. ಪ್ರತಿಯೊಂದು ಹಿಮಪಾತದ ನಂತರವೂ ಬ್ಲೇಡು ಹಿಮವನ್ನು ಇಕ್ಕೆಲಗಳಿಗೆ ಸರಿಸುತ್ತದೆ. ಆದರೆ ಹಿಂದಿನ ದಿಬ್ಬ ಅಲ್ಲಿಯೇ ಇರುವುದರಿಂದ ಹೊಸ ಹಿಮ ಅದರ ಮುಂದಕ್ಕೆ ನಿಲ್ಲುತ್ತದೆ. ಸಲಕ್ಕೆ ಒಂದೊಂದು ಬದಿಯಲ್ಲಿ 12 ಸೆಂಟಿಮೀಟರು ಹೋದರೂ ಐದು ಹಿಮಪಾತಗಳಲ್ಲಿ ದಾರಿ 120 ಸೆಂಟಿಮೀಟರು ಕಿರಿದಾಗಿ 2.3 ಮೀಟರಿಗೆ ಇಳಿಯಿತು. ಮನೆಯ ಕಾರು ಹೇಗೋ ನುಸುಳೀತು. ಸುಮಾರು 2.5 ಮೀಟರು ಅಗಲದ ಅಗ್ನಿಶಾಮಕ ವಾಹನ ಬರಲಾರದು. ಇದನ್ನು ತಪ್ಪಿಸಬೇಕಾದರೆ ದಿಬ್ಬದ ಮೇಲಿನ ಅರ್ಧವನ್ನು ಆಚೆಗೆ ತಳ್ಳಿ ಹೊಸ ಹಿಮಕ್ಕೆ ಜಾಗ ಮಾಡಬೇಕು. ಅದಕ್ಕೆ ಬ್ಲೇಡು ನೆಲದಿಂದ ಮೇಲೆ ನಿಂತು ತಳ್ಳಬೇಕು.

ದಿಬ್ಬವೂ ಸುಮ್ಮನಿರುವ ವಸ್ತುವಲ್ಲ. ಹೊಸದಾಗಿ ಬಿದ್ದ ಹಿಮ ಹತ್ತಿಯಂತೆ ಹಗುರ. ಒಂದು ಘನಮೀಟರಿಗೆ ಸಾಮಾನ್ಯವಾಗಿ 50ರಿಂದ 100 ಕಿಲೋಗ್ರಾಂ. ಬ್ಲೇಡು ತಳ್ಳಿದಾಗ ಅದರ ಹರಳುಗಳು ಮುರಿದು ಒತ್ತೊತ್ತಾಗುತ್ತವೆ. ಆಮೇಲೆ ಅವು ತಾಗಿದ ಕಡೆಗಳಲ್ಲೆಲ್ಲ ಮಂಜುಗಡ್ಡೆಯ ಸಣ್ಣ ಸಣ್ಣ ಸೇತುವೆಗಳು ಬೆಳೆಯುತ್ತವೆ. ತಾಗಿದ ಎರಡು ಮಂಜುಗಡ್ಡೆಗಳು ಒಂದಾಗಿ ಅಂಟಿಕೊಳ್ಳುವುದನ್ನು ಮೈಕೇಲ್ ಫ್ಯಾರಡೆ 1850ರಲ್ಲಿಯೇ ಗಮನಿಸಿದ್ದನು. ಹೀಗಾಗಿ ಬೆಳಗ್ಗೆ ತಳ್ಳಿದ ಹಿಮ ಸಂಜೆಗೆ ಗೋಡೆಯಾಗಿರುತ್ತದೆ. ಘನಮೀಟರಿಗೆ 350 ಕಿಲೋಗ್ರಾಂ ತೂಗುವ ಅಂಥ ದಿಬ್ಬದಿಂದ 107 ಸೆಂಟಿಮೀಟರು ಅಗಲ, 40 ಸೆಂಟಿಮೀಟರು ಎತ್ತರ, 30 ಸೆಂಟಿಮೀಟರು ದಪ್ಪದ ತುಂಡನ್ನು ಕಡಿದರೆ ಅದರ ತೂಕ ಸುಮಾರು 45 ಕಿಲೋಗ್ರಾಂ ಆಗುತ್ತದೆ.

ಈಗ ಬ್ಲೇಡನ್ನು ಎತ್ತುವ ಬಗೆಯನ್ನು ನೋಡೋಣ. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಒಂದು ಉಕ್ಕಿನ ಚೌಕಟ್ಟು ಇದೆ. ಅದರ ಹಿಂದಿನ ತುದಿ ಕೀಲಿನಲ್ಲಿ ತಿರುಗುತ್ತದೆ. ಮುಂದಿನ ತುದಿಯಲ್ಲಿ ಬ್ಲೇಡು ಇರುತ್ತದೆ. ಕೀಲಿಗೂ ಬ್ಲೇಡಿಗೂ ನಡುವೆ ಒಂದು ಕಡೆ ಚೌಕಟ್ಟನ್ನು ಒಂದು ಸರಳು ಹಿಡಿದಿರುತ್ತದೆ. ಚಾಲಕನು ಆಸನದ ಪಕ್ಕದ ಹಿಡಿಕೋಲನ್ನು ಎಳೆದರೆ ಸರಳು ಮೇಲೇಳುತ್ತದೆ, ಚೌಕಟ್ಟು ಮೇಲೇಳುತ್ತದೆ, ಬ್ಲೇಡೂ ಏಳುತ್ತದೆ. ಶಾಲೆಯಲ್ಲಿ ಓದಿದ ಸನ್ನೆಯೇ ಇಲ್ಲಿ ಎರಡು ಬಾರಿ ಕೆಲಸ ಮಾಡುತ್ತಿದೆ: ಹಿಡಿಕೋಲು ಒಂದು ಸನ್ನೆ, ಚೌಕಟ್ಟು ಇನ್ನೊಂದು.

ಲೆಕ್ಕಕ್ಕಾಗಿ ಕೆಲವು ಅಳತೆಗಳನ್ನು ಇಟ್ಟುಕೊಳ್ಳೋಣ. ಕೀಲಿನಿಂದ ಬ್ಲೇಡಿಗೆ 120 ಸೆಂಟಿಮೀಟರು. ಕೀಲಿನಿಂದ ಸರಳಿನ ರಂಧ್ರಕ್ಕೆ 40. ಬ್ಲೇಡಿನ ತೂಕ 40 ಕಿಲೋಗ್ರಾಂ. ಚೌಕಟ್ಟಿನ ತೂಕವನ್ನು ಸದ್ಯಕ್ಕೆ ಮರೆಯೋಣ. ಕೈ 60 ಸೆಂಟಿಮೀಟರು ಚಲಿಸಿದಾಗ ಸರಳು 5 ಸೆಂಟಿಮೀಟರು ಏರುತ್ತದೆ. ಆಗ ಬ್ಲೇಡು ಅದರ ಮೂರರಷ್ಟು, ಅಂದರೆ 15 ಸೆಂಟಿಮೀಟರು ಏರಬೇಕು. ಸರಳಿನಲ್ಲಿ 120 ಕಿಲೋಗ್ರಾಂ ತೂಕದಷ್ಟು ಬಲವೂ ಕೈಯಲ್ಲಿ 10 ಕಿಲೋಗ್ರಾಂ ತೂಕದಷ್ಟು ಬಲವೂ ಬೇಕಾಗುತ್ತದೆ. ಘರ್ಷಣೆಯನ್ನು ಸೇರಿಸಿದರೆ ಇದು ಇನ್ನೂ ಹೆಚ್ಚು.

ಏರಬೇಕು ಎಂದೆನಲ್ಲವೆ? ಹಳೆಯ ಯಂತ್ರದಲ್ಲಿ ಅದು ಅಷ್ಟು ಏರುವುದಿಲ್ಲ. ಪಿನ್ನುಗಳು ಸವೆದಿರುತ್ತವೆ, ಅವು ಕುಳಿತ ರಂಧ್ರಗಳು ಮೊಟ್ಟೆಯಾಕಾರಕ್ಕೆ ಅಗಲವಾಗಿರುತ್ತವೆ. ಸರಳಿನ ಹಾದಿಯಲ್ಲಿ ಮೂರು ಕೀಲುಗಳಿದ್ದು ಒಂದೊಂದರಲ್ಲಿ 3 ಮಿಲಿಮೀಟರು ಸಡಿಲವಿದ್ದರೆ ಸರಳಿನ ಏರಿಕೆಯಲ್ಲಿ 9 ಮಿಲಿಮೀಟರು ವ್ಯರ್ಥವಾಯಿತು. ಬ್ಲೇಡಿನ ತುದಿಯಲ್ಲಿ ಈ ನಷ್ಟ ಮೂರು ಪಟ್ಟಾಗುತ್ತದೆ; 2.7 ಸೆಂಟಿಮೀಟರು ಹೋಗಿ 12.3 ಮಾತ್ರ ಉಳಿಯುತ್ತದೆ. ಆದ್ದರಿಂದ ಹೊಸ ರಂಧ್ರ ಕೊರೆಯುವ ಮೊದಲು ಹಳೆಯ ಪಿನ್ನುಗಳನ್ನೂ ಬುಷ್‌ಗಳನ್ನೂ ಬದಲಾಯಿಸಬೇಕು. ಇಷ್ಟು ಲಾಭ ಇಷ್ಟು ಅಗ್ಗವಾಗಿ ಬೇರೆಲ್ಲಿಯೂ ಸಿಗದು. ಹಾಗಿದ್ದರೂ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಬೆಸುಗೆಯ ಕೆಲಸವನ್ನೇ!

ಸರಳನ್ನು ಗಿಡ್ಡ ಮಾಡಿದರೆ ಬ್ಲೇಡು ಮೇಲೇಳುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಏಳುತ್ತದೆ, ಆದರೆ ಅದು ಇಳಿಯುವ ಕೊನೆಯೂ ಅಷ್ಟೇ ಮೇಲಕ್ಕೆ ಸರಿಯುತ್ತದೆ. ಸರಳಿನ ಉದ್ದವು ಬ್ಲೇಡಿನ ಸಂಚಾರ ಎಲ್ಲಿಂದ ಎಲ್ಲಿಗೆ ಎಂಬುದನ್ನು ನಿರ್ಧರಿಸುತ್ತದೆ, ಎಷ್ಟು ಎಂಬುದನ್ನಲ್ಲ. 5 ಸೆಂಟಿಮೀಟರು ಮೇಲೆ ಗಳಿಸಿದವನು ಕೆಳಗೆ ನೆಲವನ್ನು ಮುಟ್ಟದ ಬ್ಲೇಡನ್ನು ಪಡೆಯುತ್ತಾನೆ. ನೆಲದ ತಗ್ಗುಗಳನ್ನು ಹಿಂಬಾಲಿಸಲು ಬ್ಲೇಡು ಚಕ್ರದ ಮಟ್ಟಕ್ಕಿಂತ ಎರಡು ಮೂರು ಸೆಂಟಿಮೀಟರು ಕೆಳಕ್ಕೂ ಇಳಿಯುವಂತಿರಬೇಕು.

ಸಂಚಾರವನ್ನೇ ಹೆಚ್ಚಿಸಬೇಕಾದರೆ ಸನ್ನೆಯ ಪ್ರಮಾಣವನ್ನು ಬದಲಾಯಿಸಬೇಕು. ಚೌಕಟ್ಟಿನ ರಂಧ್ರವನ್ನು ಕೀಲಿಗೆ ಹತ್ತಿರ ತಂದು 30 ಸೆಂಟಿಮೀಟರಿನಲ್ಲಿ ಕೊರೆದರೆ ಸರಳಿನ ಅದೇ 5 ಸೆಂಟಿಮೀಟರಿಗೆ ಬ್ಲೇಡು 20 ಸೆಂಟಿಮೀಟರು ಏರುತ್ತದೆ. ಪಿನ್ನುಗಳ ಲಾಭವನ್ನೂ ಕೂಡಿಸಿದರೆ ಮೊದಲಿಗಿಂತ 7.7 ಸೆಂಟಿಮೀಟರು, ಎಂದರೆ ಸರಿಸುಮಾರು ನಾಲ್ಕು ಬೆರಳು ಹೆಚ್ಚು. ಇದಕ್ಕೆ ತೆರುವ ಬೆಲೆಯೂ ಸ್ಪಷ್ಟ: ಸರಳಿನ ಬಲ 120ರಿಂದ 160ಕ್ಕೂ ಕೈಯ ಬಲ 10ರಿಂದ 13.3ಕ್ಕೂ ಏರುತ್ತವೆ. ಕೈ ಚಲಿಸಿದ 60 ಸೆಂಟಿಮೀಟರಿನಿಂದ 13.3ನ್ನು ಗುಣಿಸಿ ನೋಡಿ. 40 ಕಿಲೋಗ್ರಾಮನ್ನು 20 ಸೆಂಟಿಮೀಟರು ಎತ್ತಿದ ಕಾರ್ಯವೇ ಬರುತ್ತದೆ. ಸನ್ನೆ ಯಾರಿಗೂ ಉದ್ದರಿ ಕೊಡುವುದಿಲ್ಲ. ರಂಧ್ರ ಹಿಂದಕ್ಕೆ ಸರಿದರೆ ಸರಳು ಓರೆಯಾಗಿ ಲಾಭದಲ್ಲಿ ಸ್ವಲ್ಪ ಸೋರುತ್ತದೆ. ಅದಕ್ಕಾಗಿ ಸರಳಿನ ತುದಿಗೆ ಮರೆ ಕತ್ತರಿಸಿ, ಉದ್ದವನ್ನು ಹೊಂದಿಸಿಕೊಳ್ಳುವಂತೆ ಮಾಡುತ್ತಾರೆ.

ಕೈಗೆ ಬಿದ್ದ ಹೊರೆಯನ್ನು ತಗ್ಗಿಸಲು ಸ್ಪ್ರಿಂಗನ್ನು ಸೇರಿಸಬಹುದು. ಬ್ಲೇಡು ಇಳಿಯುವಾಗ ಸ್ಪ್ರಿಂಗು ಎಳೆಯಲ್ಪಟ್ಟು ಶಕ್ತಿಯನ್ನು ಕೂಡಿಡುತ್ತದೆ. ಏರುವಾಗ ಹಿಂದಕ್ಕೆ ಕೊಡುತ್ತದೆ. ನಮ್ಮ ಬಾವಿಯ ಏತದ ಹಿಂತುದಿಗೆ ಕಲ್ಲು ಕಟ್ಟುವುದೂ ಇದೇ ಉಪಾಯ. ಇದರಿಂದ ಬ್ಲೇಡು ನೆಲವನ್ನು ಒತ್ತುವ ಬಲ ಕಡಿಮೆಯಾಗುವುದು ನಿಜ, ಆದರೆ ಜಲ್ಲಿಯ ದಾರಿಯಲ್ಲಿ ಅದು ಒಳಿತೇ.

ಕೆಲವರು ಹಿಡಿಕೋಲನ್ನೇ ಬಿಟ್ಟು ಎಣ್ಣೆಯ ಒತ್ತಡದಿಂದ ನಡೆಯುವ ಸಿಲಿಂಡರನ್ನು ಕೂಡಿಸುತ್ತಾರೆ. 4 ಸೆಂಟಿಮೀಟರು ವ್ಯಾಸದ ಸಿಲಿಂಡರಿನಲ್ಲಿ ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಂ ಒತ್ತಡವಿದ್ದರೆ ದೊರೆಯುವ ಬಲ 600 ಕಿಲೋಗ್ರಾಂ ತೂಕವನ್ನು ಮೀರುತ್ತದೆ. ಆಗ ಬಲದ ಚಿಂತೆ ಹೋಗಿ ಬೇರೊಂದು ಚಿಂತೆ ಬರುತ್ತದೆ. ಬ್ಲೇಡು ಹೆಪ್ಪುಗಟ್ಟಿ ನೆಲಕ್ಕೆ ಅಂಟಿದ್ದರೆ ಮನುಷ್ಯನ ಕೈ ಅದನ್ನು ಅರಿತು ನಿಲ್ಲುತ್ತದೆ. ಸಿಲಿಂಡರಿಗೆ ಅಂಥ ಅರಿವಿಲ್ಲ. ಒತ್ತಡ ಮಿತಿಮೀರಿದಾಗ ಎಣ್ಣೆಯನ್ನು ಹೊರಬಿಡುವ ಕವಾಟವಿಲ್ಲದಿದ್ದರೆ ಅತಿ ದುರ್ಬಲವಾದ ಪಿನ್ನು ಮೊದಲು ಮುರಿಯುತ್ತದೆ.

ಎತ್ತರವು ಎಷ್ಟು ಬೇಕಾದರೂ ಹೋಗಲಾರದು. ಬ್ಲೇಡು ನೇರವಾಗಿ ಮೇಲೇಳದೆ ಕೀಲಿನ ಸುತ್ತ ಕಂಸದಲ್ಲಿ ಸಾಗುವುದರಿಂದ ಹಿಂದಕ್ಕೆ ವಾಲುತ್ತದೆ. 40 ಸೆಂಟಿಮೀಟರು ಎತ್ತರದ ಬ್ಲೇಡು 20 ಸೆಂಟಿಮೀಟರು ಏರಿದಾಗ ಅದರ ಮೇಲಂಚು ಸುಮಾರು 8 ಸೆಂಟಿಮೀಟರು ಹಿಂದಕ್ಕೆ ಬರುತ್ತದೆ. 40 ಏರಿಸಿದರೆ ಸುಮಾರು 20 ಹಿಂದಕ್ಕೆ ಬಂದು ಎಂಜಿನಿನ ಮುಂದಿನ ಜಾಲರಿಯನ್ನು ಜಜ್ಜಬಹುದು. ಸಮಾನ ಉದ್ದದ ಎರಡು ಜೊತೆ ತೋಳುಗಳನ್ನು ಒಂದರ ಮೇಲೊಂದು ಇಟ್ಟು ಸಮಾಂತರ ಚತುರ್ಭುಜ ಮಾಡಿದರೆ ಬ್ಲೇಡು ವಾಲದೆ ಏರುತ್ತದೆ. ಜೇಮ್ಸ್ ವಾಟ್ 1784ರಲ್ಲಿ ತನ್ನ ಉಗಿಯಂತ್ರಕ್ಕೆ ಹೂಡಿದ ಸಮಾಂತರ ಚಲನೆಯ ಜೋಡಣೆಯಲ್ಲಿಯೂ ಇಂಥ ಚತುರ್ಭುಜವಿತ್ತು. ಆದರೆ ಅದಕ್ಕೆ ಹೊಸ ಚೌಕಟ್ಟೇ ಬೇಕು, ತೂಕವೂ ಹೆಚ್ಚುತ್ತದೆ. ನಾಲ್ಕು ಬೆರಳಿನ ಲಾಭಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲವೆಂದು ನನಗೆ ತೋರುತ್ತದೆ.

ಬ್ಲೇಡು ಎತ್ತರಕ್ಕೆ ಹೋದಷ್ಟೂ ಹಿಂದಿನ ಚಕ್ರಗಳು ಹಗುರವಾಗುತ್ತವೆಂಬ ನಂಬಿಕೆಯೊಂದು ಇದೆ. ಬ್ಲೇಡು ನೆಲವನ್ನು ಬಿಟ್ಟ ಕ್ಷಣದಲ್ಲಿಯೇ ಅದರ ಭಾರವೆಲ್ಲ ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆ. ಮುಂದಿನ ಅಚ್ಚಿನಿಂದ 50 ಸೆಂಟಿಮೀಟರು ಮುಂದೆ ತೂಗುವ 40 ಕಿಲೋಗ್ರಾಂ, ಅಚ್ಚುಗಳ ನಡುವಣ ದೂರ 120 ಸೆಂಟಿಮೀಟರಿದ್ದರೆ, ಹಿಂಚಕ್ರಗಳಿಂದ ಸುಮಾರು 17 ಕಿಲೋಗ್ರಾಮನ್ನು ಕಸಿಯುತ್ತದೆ. 15 ಸೆಂಟಿಮೀಟರಿನಲ್ಲಿಯೂ 20 ಸೆಂಟಿಮೀಟರಿನಲ್ಲಿಯೂ ಈ ಲೆಕ್ಕ ಬಹುತೇಕ ಒಂದೇ. ಹಿಂಚಕ್ರಗಳ ಹಿಡಿತಕ್ಕಾಗಿ ಸರಪಣಿ ಸುತ್ತುವುದೂ, ಟಯರಿನೊಳಗೆ ಸುಲಭವಾಗಿ ಹೆಪ್ಪುಗಟ್ಟದ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣ ತುಂಬುವುದೂ ಅಲ್ಲಿಯ ಹಳೆಯ ರೂಢಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ಎತ್ತಿದ ಬ್ಲೇಡಿನೊಡನೆ ಟ್ರ್ಯಾಕ್ಟರು ಹೆಪ್ಪುಗಟ್ಟಿದ ಉಬ್ಬುತಗ್ಗುಗಳ ಮೇಲೆ ಕುಪ್ಪಳಿಸಿದಾಗ ಸರಳಿನ 160 ಕ್ಷಣಕಾಲ ಇಮ್ಮಡಿಯಾಗಿ 320 ಆಗಬಹುದು. ಹಳೆಯ ರಂಧ್ರಕ್ಕೆ ಸಾಕಾಗಿದ್ದ ಸಾಧಾರಣ ಬೋಲ್ಟು ಹೊಸ ರಂಧ್ರಕ್ಕೆ ಸಾಲದು. ಗಡಸು ಉಕ್ಕಿನದೇ ಬೇಕು. ಹಿಡಿಕೋಲನ್ನು ನಿಲ್ಲಿಸುವುದು ಹಲ್ಲುಪಟ್ಟಿಯ ಒಂದೇ ಹಲ್ಲು. ಅದು ಜಾರಿದರೆ ಬ್ಲೇಡಿನೊಡನೆ ಹಿಡಿಕೋಲೂ ರಭಸದಿಂದ ಮುಂದಕ್ಕೆ ಹಾರುತ್ತದೆ. ಬ್ಲೇಡಿನ ಕೆಳಗೆ ಕೈ ಹಾಕಬೇಕಾದವನು ಎಂಜಿನನ್ನು ನಿಲ್ಲಿಸಿ, ಚೌಕಟ್ಟಿಗೆ ದಪ್ಪ ಮರದ ದಿಮ್ಮಿಗಳನ್ನು ಆನಿಸಬೇಕು. ಆಸನದಿಂದ ಇಳಿದುಹೋಗುವಾಗ ಬ್ಲೇಡನ್ನು ನೆಲಕ್ಕಿಳಿಸಿಯೇ ಹೋಗಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಬ್ಲೇಡಿನ ಕೆಳ ಅಂಚು 20 ಸೆಂಟಿಮೀಟರಿನಲ್ಲಿಯೂ ಮೇಲಂಚು ಸುಮಾರು 60ರಲ್ಲಿಯೂ ನಿಲ್ಲುತ್ತದೆ. ಅದಕ್ಕಿಂತ ಎತ್ತರದ ಗಟ್ಟಿ ದಿಬ್ಬವನ್ನು ಅದು ಸೀಳಲಾರದು. ಆದ್ದರಿಂದ ಪಳಗಿದವರು ನವೆಂಬರಿನ ಮೊದಲ ಹಿಮವನ್ನೇ, ಅದು ಇನ್ನೂ ಹಗುರವಾಗಿರುವಾಗ, ದಾರಿಯ ಅಂಚಿನಿಂದ ಒಂದು ಮೀಟರು ಆಚೆಗೆ ತಳ್ಳಿಬಿಡುತ್ತಾರೆ. ಮುಂದಿನ ಹಿಮಪಾತಗಳಲ್ಲಿ ದಿಬ್ಬ ಮೊಣಕಾಲಿನ ಮಟ್ಟಕ್ಕೆ ಬಂದೊಡನೆ, ಅದು ಗಟ್ಟಿಯಾಗುವ ಮೊದಲು, ಎತ್ತಿದ ಬ್ಲೇಡಿನಿಂದ ಅದರ ತಲೆಯನ್ನು ಆಚೆಗೆ ಉರುಳಿಸುತ್ತಾರೆ.