ರಕ್ತದ ಏರೊತ್ತಡ: ಹೃದಯದ ಮೇಲೆ ಬೀಳುವ ಭಾರ

ಬೀದರ ತಾಲ್ಲೂಕಿನ ಬಗದಲ್ ಗ್ರಾಮದಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ. ವಯಸ್ಸು ಅರವತ್ತು ದಾಟಿದೆ. ನಸುಕಿನಲ್ಲೆದ್ದು ಸ್ನಾನ, ಲಿಂಗಪೂಜೆ ಮುಗಿಸಿ ಹೊಲಕ್ಕೆ ಹೊರಟರೆಂದರೆ ಮಧ್ಯಾಹ್ನದ ಬುತ್ತಿ ಬರುವವರೆಗೆ ಕೂಡ್ರುವವರಲ್ಲ. ಕೆಲವು ವರ್ಷಗಳ ಹಿಂದೆ ತಪಾಸಣಾ ಶಿಬಿರವೊಂದರಲ್ಲಿ ಅವರ ರಕ್ತದೊತ್ತಡ 170/100 ಎಂದು ಕಂಡುಬಂದಿತು. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಮೂರು ತಿಂಗಳು ನುಂಗಿದರು, ಒತ್ತಡ ಇಳಿಯಿತು. "ಈಗೇನೂ ತ್ರಾಸ ಇಲ್ಲ, ಗುಳಿಗಿ ಯಾಕ ಬೇಕು?" ಎಂದು ಬಿಟ್ಟೇಬಿಟ್ಟರು. ಮೂರು ವರ್ಷಗಳ ನಂತರ ಒಂದು ಚಳಿಗಾಲದ ರಾತ್ರಿ, ಮಲಗಿದವರಿಗೆ ಉಸಿರು ಕಟ್ಟಿದಂತಾಗಿ ಎದ್ದು ಕುಳಿತರು. ಕುಳಿತರೆ ತುಸು ಸಮಾಧಾನ, ಮಲಗಿದರೆ ಮತ್ತೆ ಅದೇ ಸಂಕಟ. ದಮ್ಮು ಇರಬೇಕೆಂದು ಹದಿನೈದು ದಿನ ಕಳೆದರು. ಕೊನೆಗೆ ಬೀದರಿನಲ್ಲಿ ಎಕೋ ಪರೀಕ್ಷೆ ಮಾಡಿಸಿದಾಗ, ಹೃದಯದ ಎಡಭಾಗದ ಗೋಡೆ ದಪ್ಪಗಾಗಿ ಬಿಗಿದುಕೊಂಡಿರುವುದು ತಿಳಿಯಿತು.

ಈ ಅವಧಿಯಲ್ಲಿ ಅವರಿಗೆ ಒಮ್ಮೆಯೂ ಎದೆ ನೋವು ಬಂದಿರಲಿಲ್ಲ, ತಲೆ ಸುತ್ತಿರಲಿಲ್ಲ. ಏರೊತ್ತಡದ ಅಪಾಯವಿರುವುದೇ ಇಲ್ಲಿ. ಹಲ್ಲು ನೋವಾದರೆ ಅದೇ ದಿನ ವೈದ್ಯರಲ್ಲಿಗೆ ಓಡುವ ನಾವು, ನೋವೇ ಇಲ್ಲದ ರೋಗವನ್ನು ರೋಗವೆಂದು ಒಪ್ಪುವುದಿಲ್ಲ.

ನಮ್ಮ ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಕದ ಹೃದಯವು ದಿನಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬಾರಿ ಮಿಡಿಯುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರಿನಂತೆ ಅದು ರಕ್ತವನ್ನು ದೇಹಕ್ಕೆಲ್ಲ ನೂಕುತ್ತದೆ. ಬೀದರಿನ ನೌಬಾದ್ ಬಳಿಯ ಸುರಂಗ ಬಾವಿಯನ್ನು ನೋಡಿದವರಿಗೆ ಗೊತ್ತು, ಅಲ್ಲಿ ನೀರನ್ನು ಯಾರೂ ನೂಕಬೇಕಾಗಿಲ್ಲ. ಬಹಮನಿ ಕಾಲದವರು ಕೊಟ್ಟ ಇಳಿಜಾರಿನಲ್ಲಿ ಅದು ತಾನಾಗಿ ಹರಿಯುತ್ತದೆ. ದೇಹಕ್ಕೆ ಆ ಅನುಕೂಲವಿಲ್ಲ. ಇಲ್ಲಿರುವುದು ಹೊಲದ ಬಾವಿಯ ಮೋಟಾರಿನ ವ್ಯವಸ್ಥೆ. ಮುಂದಿನ ಪೈಪು ಕಿರಿದಾದರೆ, ಇಲ್ಲವೆ ಯಾರೋ ವಾಲ್ವನ್ನು ಅರ್ಧ ಮುಚ್ಚಿದರೆ, ಮೋಟಾರು ಮುಕ್ಕರಿಯುತ್ತದೆ. ಆದರೂ ನೀರು ಬರುತ್ತಿರುವುದರಿಂದ ಯಜಮಾನನಿಗೆ ಅದು ತಿಳಿಯುವುದಿಲ್ಲ.

ಅಳತೆಯಲ್ಲಿ ಮೇಲಿನ ಸಂಖ್ಯೆ ಹೃದಯ ಸಂಕುಚಿಸಿದಾಗಿನ ಒತ್ತಡ, ಕೆಳಗಿನದು ಅದು ಸಡಿಲಗೊಂಡಾಗಿನದು. 120/80 ಕ್ಕಿಂತ ಕಡಿಮೆ ಇದ್ದರೆ ಉತ್ತಮ. ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಅದು ಏರೊತ್ತಡ. ರಕ್ತನಾಳಗಳು ಪೆಡಸಾಗಿ ಇಕ್ಕಟ್ಟಾದಾಗ ಎಡ ಹೃತ್ಕುಕ್ಷಿಯು ಪ್ರತಿ ಮಿಡಿತದಲ್ಲಿಯೂ ಹೆಚ್ಚು ಬಲ ಹಾಕಬೇಕಾಗುತ್ತದೆ. ಗರಡಿಮನೆಯಲ್ಲಿ ಸಾಮು ಮಾಡಿದವನ ತೋಳಿನಂತೆ ಅದರ ಸ್ನಾಯುವೂ ದಪ್ಪಗಾಗುತ್ತದೆ. ತೋಳು ದಪ್ಪಗಾದರೆ ಹೆಮ್ಮೆ, ಹೃದಯ ದಪ್ಪಗಾದರೆ ಗಂಡಾಂತರ. ಗೋಡೆ ದಪ್ಪಗಾದಂತೆ ಅದು ಬಿರುಸಾಗುತ್ತದೆ, ಒಳಕೋಣೆ ಸಲೀಸಾಗಿ ಹಿಗ್ಗುವುದಿಲ್ಲ. ಹೃದಯದ ಸ್ನಾಯುವಿಗೆ ಬೇಕಾದ ರಕ್ತ ಹೆಚ್ಚಾಗಿ ಹರಿಯುವುದು ಅದು ಸಡಿಲಗೊಂಡ ಕ್ಷಣದಲ್ಲಿಯೇ. ಬಿರುಸಾದ ಹೃದಯಕ್ಕೆ ಆ ವಿಶ್ರಾಂತಿಯೂ ಪೂರ್ಣವಾಗಿ ದೊರೆಯದು. ಒಳಗೆ ಸ್ಥಳ ಸಾಲದೆ ಒತ್ತಡವು ಹಿಂದಕ್ಕೆ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಕಾಕಾ ಅವರು ರಾತ್ರಿ ಎದ್ದು ಕುಳಿತುದಕ್ಕೆ ಇದೇ ಕಾರಣ. ಹೀಗೆಯೇ ಬಹುಕಾಲ ಬಿಟ್ಟರೆ ದಪ್ಪ ಗೋಡೆಯೂ ಸೋತು, ಜೋತು, ಹೃದಯ ಹಿಗ್ಗಿ ನಿಸ್ಸತ್ವವಾಗುತ್ತದೆ.

ಹೃದಯಕ್ಕೇ ರಕ್ತ ಕೊಡುವ ಕಿರೀಟ ಧಮನಿಗಳ ಒಳಪದರವೂ ಈ ಒತ್ತಡದಿಂದ ಸವೆದು, ಅಲ್ಲಿ ಕೊಬ್ಬು ಕಟ್ಟಿ, ಹೃದಯಾಘಾತಕ್ಕೆ ದಾರಿಯಾಗುತ್ತದೆ. ಮೇಲಿನ ಕೋಣೆ ಹಿಗ್ಗಿ ಮಿಡಿತದ ತಾಳ ತಪ್ಪಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಮಿದುಳಿಗೇರಿ, ಲಕ್ವಾ ಹೊಡೆಯುವುದುಂಟು.

ಇದು ಕೇವಲ ಪಟ್ಟಣಿಗರ, ಶ್ರೀಮಂತರ ರೋಗವೆಂಬ ಭಾವನೆ ಇನ್ನೂ ನಮ್ಮಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023 ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದ ವಯಸ್ಕರಲ್ಲಿ ಶೇಕಡಾ 35.5 ರಷ್ಟು ಮಂದಿಗೆ ಏರೊತ್ತಡವಿದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳಿತಾಗ ಒಮ್ಮೆ ಅಕ್ಕಪಕ್ಕ ನೋಡಿಕೊಳ್ಳಬಹುದು.

ಆಹಾರದ ಮಾತಿಗೆ ಬಂದರೆ, ನಮ್ಮ ಜೋಳದ ರೊಟ್ಟಿ ನಿರ್ದೋಷಿ. ಅದಕ್ಕೆ ಉಪ್ಪನ್ನೇ ಹಾಕುವುದಿಲ್ಲ. ಉಪ್ಪಿರುವುದು ರೊಟ್ಟಿಯ ಪಕ್ಕದಲ್ಲಿ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಶೇಂಗಾ ಹಿಂಡಿ, ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ. ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪವಾಸದ ದಿನ ಸೈಂಧವ ಲವಣ ಬಳಸಿದರೆ ದೋಷವಿಲ್ಲವೆಂದು ಕೆಲವು ತಾಯಂದಿರು ನಂಬಿದ್ದಾರೆ. ಒತ್ತಡವನ್ನು ಏರಿಸುವ ಸೋಡಿಯಂ ಅದರಲ್ಲಿಯೂ ಇದೆ.

ಗುಳಿಗೆಯ ವಿಷಯದಲ್ಲಿಯೂ ಉಪವಾಸ ಅಡ್ಡ ಬರುತ್ತದೆ. ಶ್ರಾವಣ ಸೋಮವಾರ ಬಂದಿತೆಂದರೆ ಅನ್ನದ ಜೊತೆಗೆ ಔಷಧವನ್ನೂ ಬಿಡುವವರನ್ನು ಕಂಡಿದ್ದೇನೆ. ಒತ್ತಡದ ಹೆಚ್ಚಿನ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿಯೂ ನೀರಿನೊಡನೆ ನುಂಗಬಹುದು. ನಮ್ಮದು ಅಂಥದೇ ಎಂದು ವೈದ್ಯರನ್ನು ಒಮ್ಮೆ ಕೇಳಿಟ್ಟುಕೊಂಡರಾಯಿತು. ನಿರಾಹಾರದ ವ್ರತವಾದರೆ ಮುಂಚಿತವಾಗಿ ಅವರ ಸಲಹೆ ಬೇಕು. ಅಮ್ಲೊಡಿಪಿನ್ ನುಂಗಿದ ಕೆಲವರಿಗೆ ಕಾಲು ಬಾಯುತ್ತದೆ. ಆಗ ತಾವೇ ಅದನ್ನು ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಬೇರೆ ಗುಳಿಗೆ ಕೊಡುತ್ತಾರೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೇನ್ ಗುಳಿಗೆಗಳು ಒತ್ತಡವನ್ನು ಏರಿಸುತ್ತವೆಂಬುದು ಹಿರಿಯರಿಗೆ ತಿಳಿದಿರಲಿ.

ಗಿಡಮೂಲಿಕೆಯಿಂದ ಗುಣವಾಗದೇ ಎಂಬ ಪ್ರಶ್ನೆ ಸಹಜ. ನಮ್ಮ ನಾಡಿನ ಸರ್ಪಗಂಧದ ಬೇರು ಒತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949 ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ಗಮನಿಸಿತು. 1952 ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಇದು ನಮಗೆ ಅಭಿಮಾನದ ಸಂಗತಿಯೇ. ಆದರೆ ಅದು ಕೆಲವರ ಮನಸ್ಸನ್ನು ಖಿನ್ನತೆಗೆ ತಳ್ಳುವುದು ಮುಂದೆ ಕಂಡುಬಂದು, ಅದಕ್ಕಿಂತ ಸುರಕ್ಷಿತವಾದ ಔಷಧಗಳು ಬಂದ ಮೇಲೆ ಅದರ ಬಳಕೆ ತಗ್ಗಿತು. ಬೇರನ್ನು ಮನೆಯಲ್ಲಿ ಕುಟ್ಟಿ ಕುಡಿದರೆ ಸತ್ವ ಎಷ್ಟು ಒಳಹೋಯಿತೆಂಬುದರ ಲೆಕ್ಕ ಯಾರಿಗೂ ಸಿಗದು.

ಅಳೆಯಿಸಿಕೊಳ್ಳುವುದಕ್ಕೆ ದೂರ ಹೋಗಬೇಕಾಗಿಲ್ಲ. ಮೂವತ್ತು ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಖರ್ಚಿಲ್ಲದೆ ನೋಡಿಸಿಕೊಳ್ಳಬಹುದು. ಅದಕ್ಕೂ ಮುನ್ನ ಅರ್ಧ ಗಂಟೆ ಚಹಾ, ತಂಬಾಕು ಬೇಡ. ಐದು ನಿಮಿಷ ಸುಮ್ಮನೆ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿರಿಸಬೇಕು. ಬಸ್ಸಿನಿಂದ ಇಳಿದವರೇ ಓಡಿಹೋಗಿ ತೋಳು ಚಾಚಿದರೆ ಬರುವ ಅಳತೆ ನಿಜದ ಅಳತೆಯಲ್ಲ. ಹೃದಯ ತಜ್ಞರು ಬೇಕೆಂದಾಗ ಒಂದು ಕಾಲಕ್ಕೆ ನಮ್ಮವರು ಹೈದರಾಬಾದಿನ ದಾರಿಯನ್ನೇ ಹಿಡಿಯುತ್ತಿದ್ದರು. ಈಗ ಕಲಬುರಗಿಯಲ್ಲಿಯೂ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ.

ಸಂತೋಷದ ಸಂಗತಿಯೆಂದರೆ, ಒತ್ತಡವನ್ನು ಹಿಡಿತದಲ್ಲಿಟ್ಟರೆ ದಪ್ಪಗಾದ ಗೋಡೆಯೂ ಎಷ್ಟೋ ಮಂದಿಯಲ್ಲಿ ಕ್ರಮೇಣ ತೆಳುವಾಗುತ್ತದೆ. ಕಾಕಾ ಅವರ ಎರಡನೆಯ ಎಕೋ ಪರೀಕ್ಷೆಯಲ್ಲಿ ವೈದ್ಯರು ಸುಧಾರಣೆ ಇದೆ ಎಂದರು. ಅವರ ಗುಳಿಗೆಯ ಪಟ್ಟಿಯನ್ನು ಈಗ ಕಾಕೂ ಅವರು ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಮಗ್ಗುಲಲ್ಲಿಯೇ ಇಡುತ್ತಾರೆ. ಪೂಜೆ ಮುಗಿಸಿ ಏಳುವಾಗ ಅದು ಕಣ್ಣಿಗೆ ಬೀಳದೆ ಇರಲು ಸಾಧ್ಯವಿಲ್ಲ.