ಬ್ರೇಕ್ ಸರಿ ಇದೆ ಸಾರ್!

ಇವತ್ತು ರಾಜಕೀಯ ಬೇಡ. ನಮ್ಮ ಭಾವನ ಗಾಡಿ ವಿಷಯ ಮಾತಾಡೋಣ. ಒಂದೇ ಮನೆಯ ವಿಷಯ ಅಂತ ಅನ್ನಿಸಬಹುದು, ಆದರೆ ಏಳು ಸೀಟಿನ ಗಾಡಿ ಇರೋ ಎಷ್ಟು ಮನೆಗಳಿಲ್ಲ ಹೇಳಿ.

ಭಾವ ಇರೋದು ಶಿವಮೊಗ್ಗದಲ್ಲಿ. ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳು ಎಲ್ಲ ಒಂದೇ ಗಾಡೀಲಿ ಹೋಗಬೇಕು ಅಂತ ಸಾಲ ಮಾಡಿ ಡೀಸೆಲ್ ಎಸ್‌ಯುವಿ ತಗೊಂಡರು. ಒಂದು ಭಾನುವಾರ ಉಡುಪಿಗೆ ಹೊರಟಿದ್ದಾರೆ. ಆಗುಂಬೆ ಘಾಟಿ ಇಳಿಯುವಾಗ, ಅರ್ಧ ದಾರಿಯಲ್ಲಿ, ಒಂದು ತಿರುವಿನ ಹತ್ತಿರ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿಬಿಟ್ಟಿತು. ಎರಡೂ ಕಾಲು ಹಾಕಿ ಒತ್ತಿದ ಮೇಲೆ, ತಡೆಗೋಡೆಗೆ ಒಂದು ಮಾರು ದೂರದಲ್ಲಿ ಗಾಡಿ ನಿಂತಿತು. ಕೆಳಗಿಳಿದು ಹತ್ತು ನಿಮಿಷ ಬಿಟ್ಟು ನೋಡಿದರೆ ಪೆಡಲ್ ಮೊದಲಿನ ಹಾಗೇ ಮೆತ್ತಗೆ! ಏನೂ ಆಗೇ ಇಲ್ಲ ಅನ್ನೋ ಹಾಗೆ.

ಸರ್ವಿಸ್ ಸೆಂಟರಿಗೆ ನಾಲ್ಕು ಸಲ ಹೋದರು. ನಾಲ್ಕು ಸಲವೂ ಒಂದೇ ಉತ್ತರ, "ಚೆಕ್ ಮಾಡಿದ್ವಿ, ಬ್ರೇಕ್ ಸರಿ ಇದೆ ಸಾರ್." ಮೂರನೇ ಸಲ ಒಬ್ಬ ಅಡ್ವೈಸರ್, "ಘಾಟಿಯಲ್ಲಿ ಹೆಂಗೆ ಓಡಿಸಬೇಕು ಅಂತ ಹೇಳಿಕೊಡಲಾ?" ಅಂದನಂತೆ. ಭಾವ ಇಪ್ಪತ್ತು ವರ್ಷದಿಂದ ಅದೇ ಘಾಟಿ ಹತ್ತಿ ಇಳಿದವರು. ರಾತ್ರಿ ಹತ್ತೂವರೆಗೆ ನನಗೆ ಫೋನು. "ನೀನು ಮೆಕ್ಯಾನಿಕಲ್ ಓದಿದೋನು ಅಲ್ವೇನಪ್ಪಾ, ಟೀವೀಲಿ ಮಾತಾಡಿದ್ದು ಸಾಕು, ಇದನ್ನ ಹೇಳು."

ಹೇಳ್ತೀನಿ. ಬ್ರೇಕಿನ ದೂರುಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಬಾರದು. ನಿಮ್ಮ ಕಾಲಿಗೆ ಏನು ಗೊತ್ತಾಗುತ್ತೆ ಅನ್ನೋದು ಮುಖ್ಯ. ಒತ್ತಿದಾಗ ಸ್ಟೇರಿಂಗ್ ಗಡಗಡ ನಡುಗಿದರೆ ಸಾಮಾನ್ಯವಾಗಿ ಡಿಸ್ಕ್ ಒಂದೇ ದಪ್ಪಕ್ಕೆ ಸವೆದಿಲ್ಲ ಅಂತ ಅರ್ಥ. ಪ್ಯಾಡ್ ಮಾತ್ರ ಬದಲಿಸಿದರೆ ನಡುಕ ಮತ್ತೆ ಬರಬಹುದು. ಪೆಡಲ್ ಸ್ಪಂಜಿನ ಹಾಗೆ ಒಳಗೆ ಇಳಿದರೆ ಅದು ಎಣ್ಣೆಯ ಕಥೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಡಾಟ್ 4 ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಗುಳ್ಳೆ ಇದ್ದರೆ ನೀವು ಒತ್ತೋದು ಗುಳ್ಳೆಯನ್ನ, ಚಕ್ರವನ್ನಲ್ಲ.

ಅಷ್ಟು ಬಿಸಿ ಆಗುತ್ತಾ ಅಂತ ಕೇಳಬೇಡಿ. ಲೆಕ್ಕ ಹಾಕಿ. ಜನ, ಲಗೇಜು ಸೇರಿ ಗಾಡಿಯ ತೂಕ 2300 ಕೆಜಿ ಅಂತಿಟ್ಟುಕೊಳ್ಳಿ. ಅದು ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ ಹೊರಬರೋ ಶಕ್ತಿಯಲ್ಲಿ ಸುಮಾರು 36 ಲೀಟರ್ ನಲ್ಲಿ ನೀರನ್ನ ಕುದಿಯೋ ಮಟ್ಟಕ್ಕೆ ತರಬಹುದು. ನ್ಯೂಟ್ರಲ್‌ನಲ್ಲಿ ಇಳಿದರೆ ಹೆಚ್ಚೂಕಮ್ಮಿ ಅಷ್ಟೂ ಬಿಸಿಯನ್ನ ನಾಲ್ಕು ಚಕ್ರದ ಬ್ರೇಕುಗಳೇ ನುಂಗಬೇಕು. ಎರಡನೇ ಗೇರಿನಲ್ಲಿ ಇಳೀರಿ ಅಂತ ಹಳೇ ಡ್ರೈವರುಗಳು ಹೇಳೋದು ಸುಮ್ಮನೆ ಅಲ್ಲ.

ಆದರೆ ಭಾವನ ಗಾಡಿಯ ಪೆಡಲ್ ಒಳಗೆ ಇಳಿಯಲಿಲ್ಲ, ಗಟ್ಟಿಯಾಯಿತು. ಇದು ಮೂರನೇ ಜಾತಿ. ಬಾನೆಟ್ ತೆಗೆದರೆ ಡ್ರೈವರ್ ಕಡೆ ಗೋಡೆಗೆ ಅಂಟಿದ ಹಾಗೆ ಒಂದು ಕಪ್ಪು ದುಂಡನೆ ಡಬ್ಬ ಕಾಣುತ್ತಲ್ಲ, ಅದು ಬ್ರೇಕ್ ಬೂಸ್ಟರ್. ಅದರೊಳಗೆ ನಿರ್ವಾತ ಇರುತ್ತೆ. ಪೆಟ್ರೋಲ್ ಗಾಡಿಯಲ್ಲಿ ಸಾಮಾನ್ಯವಾಗಿ ಎಂಜಿನ್ನೇ ಗಾಳಿ ಎಳೆದುಕೊಳ್ಳುತ್ತೆ, ಡೀಸೆಲ್‌ನಲ್ಲಿ ಅದಕ್ಕೊಂದು ಪಂಪು. ನಿಮ್ಮ ಕಾಲಿನ ಬಲವನ್ನ ಹಲವು ಪಟ್ಟು ಮಾಡೋದು ಈ ಡಬ್ಬ. ನಿರ್ವಾತ ಸೋರಿಹೋದರೆ ಬ್ರೇಕ್ ಇರುತ್ತೆ, ಸಹಾಯ ಇರಲ್ಲ. ಎರಡು ಟನ್ ಗಾಡಿಯನ್ನ ಬರೀ ಕಾಲಿನ ಬಲದಲ್ಲಿ ನಿಲ್ಲಿಸಬೇಕು. ಭಾವನ ಕಾಲಲ್ಲಿ ಬಲ ಇತ್ತು, ನಿಲ್ಲಿಸಿದರು. ಅವತ್ತು ಅಕ್ಕ ಓಡಿಸ್ತಾ ಇದ್ದಿದ್ದರೆ ಅನ್ನೋದನ್ನ ನಾನು ಯೋಚನೆ ಮಾಡೋಕೂ ಹೋಗಲ್ಲ.

ಇದನ್ನ ಮನೆಯಲ್ಲೇ ನೋಡಬಹುದು. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಪೆಡಲನ್ನ ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತೆ. ಹಾಗೇ ಒತ್ತಿ ಹಿಡಿದು ಎಂಜಿನ್ ಶುರು ಮಾಡಿ. ಪೆಡಲ್ ಒಂಚೂರು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಗಾಡಿ ಮನೆಯಲ್ಲೇ ಇರಲಿ, ಮೆಕ್ಯಾನಿಕ್ ಮನೆಗೆ ಬರಲಿ.

ಈ ಡಬ್ಬ ಎಂಥ ದೊಡ್ಡ ಕಂಪನಿಗಳ ನಿದ್ದೆ ಕೆಡಿಸಿದೆ ಗೊತ್ತಾ? 2014ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಜಗತ್ತಿನಾದ್ಯಂತ ಸುಮಾರು 8 ಲಕ್ಷ 67 ಸಾವಿರ ಎಸ್‌ಯುವಿಗಳನ್ನ ವಾಪಸ್ ಕರೆಸಿತು. ಜೀಪ್ ಗ್ರ್ಯಾಂಡ್ ಚೆರೋಕಿ ಮತ್ತು ಡಾಡ್ಜ್ ಡುರಾಂಗೊ, 2011ರಿಂದ 2014ರ ಮಾಡೆಲ್. ಡುರಾಂಗೊ ಅಂದರೆ ಅಲ್ಲಿನವರ ಮೂರು ಸಾಲು ಸೀಟಿನ ಸಂಸಾರದ ಗಾಡಿ. ಬೂಸ್ಟರ್ ತುಕ್ಕು ಹಿಡಿದು ಒಳಗೆ ನೀರು ಸೇರಬಹುದು, ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿ ಬ್ರೇಕ್ ಸರಿಯಾಗಿ ಹಿಡಿಯದೇ ಹೋಗಬಹುದು ಅನ್ನೋದು ಕಾರಣ. ತನಿಖೆ ಶುರುವಾಗಿದ್ದು ಹೇಗೆ? ಪೆಡಲ್ ವಿಪರೀತ ಗಟ್ಟಿಯಾಗುತ್ತೆ ಅಂತ ಗ್ರಾಹಕರು ದೂರು ಕೊಟ್ಟಿದ್ದರಿಂದ. ಭಾವ ಹೇಳಿದ್ದೂ ಅದೇ ಮಾತು.

2022ರ ಜೂನ್‌ನಲ್ಲಿ ಮರ್ಸಿಡಿಸ್ ಸರದಿ. 2004ರಿಂದ 2015ರ ನಡುವೆ ತಯಾರಾದ ಎಂಎಲ್, ಜಿಎಲ್, ಆರ್ ಕ್ಲಾಸ್ ಗಾಡಿಗಳು, ಜಗತ್ತಿನಾದ್ಯಂತ 10 ಲಕ್ಷಕ್ಕೆ ಸ್ವಲ್ಪ ಕಮ್ಮಿ. ಅದೇ ಬೂಸ್ಟರ್, ಅದೇ ತುಕ್ಕು. ಕೋಟಿ ಕೊಟ್ಟವನಿಗೂ ತೇವ ರಿಯಾಯಿತಿ ಕೊಡಲ್ಲ.

ಒಂದು ದೂರು ಬಂದರೆ ಕಂಪನಿ ಅದನ್ನ ಡ್ರೈವರ್ ತಪ್ಪು ಅನ್ನುತ್ತೆ. ಅದೇ ಮಾತು ಐನೂರು ಊರಿಂದ, ಅದೇ ಪದದಲ್ಲಿ, ಬರವಣಿಗೆಯಲ್ಲಿ ಬಂದರೆ ಅದು ಗಾಡಿಯ ದೋಷ. ಅಮೆರಿಕದಲ್ಲಿ ರಸ್ತೆ ಸುರಕ್ಷತಾ ಇಲಾಖೆಗೆ ಮಾಲೀಕರು ಕೊಡೋ ದೂರನ್ನ ಮಾಡೆಲ್ ಹೆಸರು ಹಾಕಿ ಯಾರು ಬೇಕಾದರೂ ತೆರೆದು ಓದಬಹುದು. ನಮ್ಮಲ್ಲಿ ವಾಹನ ತಯಾರಕರ ಸಂಘ 2012ರಲ್ಲಿ ಸ್ವಯಂಪ್ರೇರಿತ ರೀಕಾಲ್ ಪದ್ಧತಿ ತಂದಿತು. ಅಂದರೆ ಮನಸ್ಸಾದರೆ ಮಾಡಿ ಅಂತ. ಕಾನೂನಿಗೆ ಹಲ್ಲು ಬಂದಿದ್ದು ಆಮೇಲೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ಗಾಡಿಯಲ್ಲಿ ಸುರಕ್ಷತೆಗೆ ಕುತ್ತು ತರುವ ದೋಷ ಇದೆ ಅಂತ ನಿಗದಿತ ಸಂಖ್ಯೆಯ ಮಾಲೀಕರು ದೂರಿದರೆ, ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶ ಮಾಡಬಹುದು. ದಂಡ 10 ಲಕ್ಷದಿಂದ 1 ಕೋಟಿ ತನಕ. ಆ ಸಂಖ್ಯೆ ಮಾರಾಟಕ್ಕೆ ತಕ್ಕ ಹಾಗೆ ಬದಲಾಗುತ್ತೆ. ದೂರು ಕೊಡೋಕೆ ವಾಹನ್ ಪೋರ್ಟಲ್‌ನಲ್ಲಿ ಜಾಗ ಇದೆ. ನಾನು ಕೇಳಿದ ಹತ್ತು ಜನ ಗಾಡಿ ಮಾಲೀಕರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ಈ ಕಾರ್ಯಕ್ರಮಕ್ಕೆ ತಯಾರಿ ಮಾಡೋ ತನಕ ನನಗೂ ಗೊತ್ತಿರಲಿಲ್ಲ.

ಸರಿ, ಈಗ ಭಾವನ ನಾಲ್ಕು ಜಾಬ್ ಕಾರ್ಡ್ ನೋಡಿ. ವಾಟ್ಸಪ್‌ನಲ್ಲಿ ತರಿಸಿಕೊಂಡೆ. ಮೊದಲನೆಯದು, "ಜನರಲ್ ಚೆಕಪ್". ಎರಡನೆಯದು, "ಬ್ರೇಕ್ ಕ್ಲೀನಿಂಗ್". ಮೂರನೆಯದು, "ಗ್ರಾಹಕರಿಗೆ ಚಾಲನೆಯ ಬಗ್ಗೆ ತಿಳಿಸಲಾಗಿದೆ". ನಾಲ್ಕನೆಯದು ಮತ್ತೆ ಜನರಲ್ ಚೆಕಪ್. ಘಾಟಿಯಲ್ಲಿ ಪೆಡಲ್ ಗಟ್ಟಿಯಾಯಿತು ಅನ್ನೋ ಮಾತು ನಾಲ್ಕರಲ್ಲಿ ಒಂದು ಕಡೆಯೂ ಇಲ್ಲ. ಕಂಪನಿಯ ಕಂಪ್ಯೂಟರಿನ ಪ್ರಕಾರ ನಮ್ಮ ಭಾವ ದೂರೇ ಕೊಟ್ಟಿಲ್ಲ! ಇದರಲ್ಲಿ ಯಾರದೋ ಪಿತೂರಿ ಇದೆ ಅಂತ ನಾನು ಹೇಳಲ್ಲ. ದಿನಕ್ಕೆ ನಲವತ್ತು ಗಾಡಿ ನೋಡೋ ಹುಡುಗ, ಪಟ್ಟಿಯಲ್ಲಿ ಸಿಕ್ಕಿದ್ದನ್ನ ಒತ್ತಿ ಮುಂದೆ ಹೋಗ್ತಾನೆ. ಆದರೆ ಮುಂದೆ ಗ್ರಾಹಕರ ಆಯೋಗಕ್ಕೆ ಹೋದರೂ ಮೊದಲು ಕೇಳೋದು ಇದೇ ಕಾಗದವನ್ನ.

ಐದನೇ ಸಲ ಹೋಗುವಾಗ ಭಾವನಿಗೆ ಎರಡು ಮಾತು ಹೇಳಿದೆ. ದೂರನ್ನ ನೀವೇ ಕನ್ನಡದಲ್ಲಿ ಬರೆದು, ಜಾಬ್ ಕಾರ್ಡಿಗೆ ಸೇರಿಸಿ ಸಹಿ ತಗೊಳ್ಳಿ. ಆಮೇಲೆ, ಖಾಲಿ ಗಾಡಿಯನ್ನ ಸರ್ಕಲ್ ಸುತ್ತಿಸಿಕೊಂಡು ಬರೋಕೆ ಬಿಡಬೇಡಿ. ಜನ ತುಂಬಿಸಿ, ಅಡ್ವೈಸರನ್ನ ಪಕ್ಕದಲ್ಲಿ ಕೂರಿಸಿ ಘಾಟಿಗೇ ಹೋಗಿ. ಹೋದರು. ಆರೇಳು ತಿರುವು, ಮೇಲಿಂದ ಮೇಲೆ ಬ್ರೇಕು, ಪೆಡಲ್ ಗಟ್ಟಿ. ಆ ಹುಡುಗನ ಮುಖ ಬೆಳ್ಳಗಾಯಿತಂತೆ. ಬಿಚ್ಚಿ ನೋಡಿದರೆ ಪಂಪಿನಿಂದ ಬೂಸ್ಟರಿಗೆ ಹೋಗೋ ಪೈಪಿನ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಊರೊಳಗೆ ಒಂದೊಂದೇ ಸಲ ಒತ್ತುವಾಗ ಪಂಪು ಸೋರಿದ್ದನ್ನ ತುಂಬಿಕೊಡ್ತಿತ್ತು. ಘಾಟಿಯಲ್ಲಿ ಅದಕ್ಕೆ ಪುರುಸೊತ್ತು ಸಿಗ್ತಿರಲಿಲ್ಲ.

ಪೈಪ್ ಬದಲಾಯಿಸಿದರು, ದುಡ್ಡು ತಗೊಳ್ಳಲಿಲ್ಲ. ಬಿಲ್ ಕೈಗೆ ಬಂತು. ಬದಲಾಯಿಸಿದ ಕಾರಣ ಅನ್ನೋ ಜಾಗದಲ್ಲಿ ಬರೆದಿತ್ತು, "ಗ್ರಾಹಕರ ಕೋರಿಕೆ ಮೇರೆಗೆ".

ಭಾವ ಸಹಿ ಹಾಕಲಿಲ್ಲ. ಕೌಂಟರ್ ಮುಂದಿನ ಕುರ್ಚಿಯಲ್ಲಿ ಎರಡು ಗಂಟೆ ಕೂತರು. ಸಂಜೆ ಐದಕ್ಕೆ ಮ್ಯಾನೇಜರ್ ಬಂದು ಆ ಸಾಲು ಅಳಿಸಿ, "ನಿರ್ವಾತ ಸೋರಿಕೆ, ಬ್ರೇಕ್ ಪೆಡಲ್ ಗಟ್ಟಿ" ಅಂತ ಹೊಸ ಬಿಲ್ ತೆಗೆದುಕೊಟ್ಟ ಮೇಲೇ ಎದ್ದರು.